ಶೇಂಗಾ ಬಾವುಟ

ಲಾರೆನ್ಸ್‌ವಿಲ್, ಜಾರ್ಜಿಯಾ
14 ಅಕ್ಟೋಬರ್ 2023

ಕಲ್ಮೇಶ್ ಅವರಿಗೆ ಶೀತಲ್ ಮಾಡುವ ನಮಸ್ಕಾರ.

ಗಂಡನ ಹೆಸರು ಹಿಡಿಯಬಾರದು ಎಂದು ಅವ್ವ ಕಲಿಸಿದ್ದಳು. ಇಷ್ಟು ವರ್ಷ ‘ರೀ’ ಎಂದೇ ಕರೆದೆ. ಈಗ ಇಡೀ ಕೌಂಟಿಯೇ ನಿಮ್ಮ ಹೆಸರು ಹೇಳುತ್ತಿರುವಾಗ ನಾನೊಬ್ಬಳು ಬಾಯಿ ಕಟ್ಟಿಕೊಂಡು ಏನು ಮಾಡಲಿ?

ನಿಮ್ಮ ಮೆಸೇಜು ಬಂತು. ಕೌಂಟಿಯ ಹೊಸ ಬಾವುಟದಲ್ಲಿ ಹೂವಿನ ದಂಟು ಮಣ್ಣೊಳಗೆ ಯಾಕೆ ಬಗ್ಗಿದೆ ಎಂದು ಶಾಲೆಯ ಮಕ್ಕಳು ಕೇಳಿದ್ದಾರಂತೆ, ನಾನು ಅರ್ಥ ಬರೆದು ಕಳಿಸಬೇಕಂತೆ. ಹೇಗಿದ್ದೀ ಎಂದು ಒಂದು ಮಾತು ಕೇಳಿಲ್ಲ. ಶೇಂಗಾ ಹಿಂಡಿ ಇಲ್ಲದೆ ನಿಮಗೆ ರೊಟ್ಟಿ ಇಳಿಯುವುದಿಲ್ಲ, ಶೇಂಗಾ ಎಲ್ಲಿ ಕಾಯಿ ಕಟ್ಟುತ್ತದೆ ಎಂಬುದು ಮಾತ್ರ ಗೊತ್ತಿಲ್ಲ.

ಅಡುಗೆಮನೆಯ ಟೇಬಲ್ಲಿನ ಮೇಲೆ ನಾನು ಆ ಬಾವುಟದ ಚಿತ್ರ ಬಿಡಿಸುವುದನ್ನು ನೀವು ನೋಡಿದ್ದಿರಿ. ಕೆಂಪು ಮಣ್ಣು, ಮೇಲೆ ಹಳದಿ ಹೂವು, ಕೆಳಗೆ ಕಾಯಿ. ಕೌಂಟಿಯವರ ಬಾವುಟದ ಸ್ಪರ್ಧೆಗೆ ನನ್ನ ಹೆಸರಿನಲ್ಲಿ ಕಳಿಸಲು ಹೊರಟಾಗ ತಡೆದವರೂ ನೀವೇ. “ನೀ ಡಿಪೆಂಡೆಂಟ್ ವೀಸಾದಾಗ ಇದ್ದೀ, ಕೆಲಸಾ ಮಾಡೂಹಂಗಿಲ್ಲ. ಗೆದ್ರ ಅದನ್ನೂ ಕೆಲಸಾ ಅಂತ ಹಿಡೀತಾರ. ಗ್ರೀನ್ ಕಾರ್ಡ್ ಅಲ್ಲೇ ನಿಲ್ತದ. ನನ್ನ ಹೆಸರು ಹಾಕೂಣು” ಎಂದಿರಿ. ನಂಬಿದೆ. ಇಮಿಗ್ರೇಶನ್ ಎಂದರೆ ಸಾಕು, ನಾವೆಲ್ಲ ಗುಮ್ಮ ಬಂತು ಎಂದಾಗಿನ ಮಕ್ಕಳ ಹಾಗೆ ಬಾಯಿ ಮುಚ್ಚುತ್ತೇವೆ.

ನೀವು ಗೆದ್ದ ಮೇಲೆ ವರಲಕ್ಷ್ಮಿ ಆಂಟಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಇಲ್ಲಿ ವಕೀಲರ ಆಫೀಸಿನಲ್ಲಿದ್ದಾರೆ. ಸ್ಪರ್ಧೆಯ ನಿಯಮ ಓದಿ ನಕ್ಕುಬಿಟ್ಟರು. “ಪ್ರೈಜ್ ಮನಿನೇ ಇಲ್ವಲ್ಲೇ, ಬರೀ ಹ್ಯಾಂಡ್‌ಶೇಕು! ಇದನ್ನ ಯಾರು ಜಾಬ್ ಅಂತಾರೆ? ನಿನ್ನ ಚೆನ್ನಾಗಿ ಹೆದರ್ಸಿದಾರೆ ಕಣೆ” ಎಂದರು. ನಿಮ್ಮನ್ನು ಕೇಳಿದೆ. ಮೊದಲೇ ಗೊತ್ತಿತ್ತು ಎಂದು ಒಪ್ಪಿಕೊಂಡಿರಿ. “ನನ್ನಂಥಾ ಡಾಕ್ಟರ್ ಹೆಸರಿದ್ರ ಆರಸ್ತಾರ. ಮನ್ಯಾಗ ಕುಂತಾಕಿ ಹೆಸರು ಯಾರ್ ಕೇಳ್ತಾರ?” ಎಂದಿರಿ. ಆ ಮಾತಿಗೇ ನಾನು ಮನೆ ಬಿಟ್ಟು ಆಂಟಿಯ ಹತ್ತಿರ ಬಂದದ್ದು. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಮಕ್ಕಳ ತಪ್ಪೇನೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶೇಂಗಾ ಹೂವು ಬಾಡಿದ ಮೇಲೆ ದಂಟು ಬಗ್ಗಿ ಮಣ್ಣಿಗಿಳಿಯುತ್ತದೆ. ಕಾಯಿ ಕಟ್ಟುವುದು ಅಲ್ಲೇ, ಯಾರಿಗೂ ಕಾಣದಂತೆ. ನಿಮ್ಮ ಕೌಂಟಿಯ ಶೇಂಗಾ ಹೊಲಗಳಲ್ಲಿ ತಲೆಮಾರುಗಟ್ಟಲೆ ಬೆವರು ಸುರಿಸಿ, ಕೋರ್ಟ್‌ಹೌಸಿನ ಸ್ಮಾರಕದ ಕಲ್ಲಿನ ಮೇಲೆ ಹೆಸರಿಲ್ಲದೆ ಹೋದವರಿಗಾಗಿ ಅದನ್ನು ಬಿಡಿಸಿದೆ. ಶಾಲೆಯಲ್ಲಿ ಇದನ್ನು ಹೇಳುವಾಗ ಬಿಡಿಸಿದವಳು ಶೀತಲ್ ಎಂದೂ ಹೇಳಿ. ಬಾಯಿ ಬಾರದಿದ್ದರೆ, ನನಗೆ ಗೊತ್ತಿಲ್ಲ ಮಕ್ಕಳೇ ಎನ್ನಿ. ಅದಾದರೂ ನಿಜ. ನನ್ನ ಹೆಸರು ಹೇಳುವವರೆಗೆ ನನ್ನನ್ನು ಮನೆಗೆ ಕರೆಯಬೇಡಿ.

ಇತಿ,
ಬಾವುಟ ಬಿಡಿಸಿದ
ಶೀತಲ್

ತಾ.ಕ.: ಬಾವುಟ ಏರಿಸಿದ ದಿನ ನಾನು ಬಂದಿದ್ದೆ, ಜನರ ಹಿಂದೆ ನಿಂತಿದ್ದೆ. ಹೆಂಡತಿಗೆ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾಳೆ ಎಂದು ನೀವು ಮೈಕಿನಲ್ಲಿ ಹೇಳಿದಿರಿ. ಪಕ್ಕದಲ್ಲಿದ್ದ ಅಜ್ಜಿ, ಪಾಪ, ಆ ಹೆಣ್ಣುಮಗಳಿಗಾಗಿ ಪ್ರಾರ್ಥಿಸೋಣ ಬಾ ಎಂದು ನನ್ನ ಕೈ ಹಿಡಿದಳು. ಇಬ್ಬರೂ ಕಣ್ಣು ಮುಚ್ಚಿ ಪ್ರಾರ್ಥಿಸಿದೆವು.