ಬನ್ನು ತಿನ್ನಿಸಿ ನಾಯಿಯ ಒಡೆತನ ತೀರ್ಮಾನಿಸಿದ ಬಗ್ಗೆ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ನಾಯಿ ನನ್ನದಲ್ಲ ಎಂದು ನೀವು ತೀರ್ಮಾನಿಸಿದ ರೀತಿಗೆ ನನ್ನ ಆಕ್ಷೇಪವಿದೆ. ಅದನ್ನು ಠಾಣೆಯಲ್ಲಿ ಬರೆದುಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ದೀಪಾವಳಿಯ ಪಟಾಕಿಗೆ ಬೆದರಿ ನಮ್ಮ ಬೋರ ಬಳ್ಳಿಗಾವಿಯಿಂದ ಓಡಿಹೋದ. ಊರೂರು ಅಲೆದೆವು. ಕೊನೆಗೆ ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ, ನಿವೃತ್ತ ಬಸ್ ಕಂಡಕ್ಟರ್ ಪರಮಶಿವಪ್ಪನವರ ಅಂಗಳದಲ್ಲಿ ಸಿಕ್ಕಿದ. ಕಾಲಿಗೆ ಪೆಟ್ಟಾಗಿ ರಸ್ತೆ ಬದಿಯಲ್ಲಿ ಬಿದ್ದಿದ್ದವನನ್ನು ಅವರು ಎತ್ತಿ ತಂದು ಆರೈಕೆ ಮಾಡಿದ್ದರು. ಅದಕ್ಕೆ ಕೈಮುಗಿದೆ. ಆದರೆ ಬೋರ ಅಷ್ಟರಲ್ಲಿ 'ಟೈಗರ್' ಆಗಿದ್ದ.

"ನಾ ನೋಡ್ದೆ ಇದ್ದಿದ್ರೆ ಸತ್ತೋಗ್ತಿತ್ತು ಕಣಮ್ಮ. ಈಗ ಬಂದು ನಂದು ಅಂದ್ರೆ ಹೆಂಗೆ?" ಎಂದರು ಪರಮಶಿವಪ್ಪನವರು. ಹೀಗಾಗಿ ನಾವಿಬ್ಬರೂ ನಾಯಿಯ ಸಮೇತ ನಿಮ್ಮ ಮುಂದೆ ಹಾಜರಾದೆವು.

ನಾನು ಫೋಟೊ ತೋರಿಸಿದೆ. "ಕೆಂದ ನಾಯಿ ಎಲ್ಲಾ ಹಿಂಗೇ ಇರ್ತಾವೆ ಬಿಡ್ರಿ" ಎಂದಿರಿ. ಪಶು ಆಸ್ಪತ್ರೆಯ ಲಸಿಕೆ ಚೀಟಿ ತೋರಿಸಿದೆ. "ಇದ್ರಾಗೆ ನಾಯಿ ಸಹಿ ಎಲ್ಲೈತ್ರಿ?" ಎಂದು ನಕ್ಕಿರಿ. ಸಿಬ್ಬಂದಿಯೂ ನಕ್ಕರು, ಅದು ಅವರ ಕರ್ತವ್ಯ. ಕಳೆದದ್ದು ಶಿಕಾರಿಪುರ ತಾಲ್ಲೂಕಿನಲ್ಲಿ, ಸಿಕ್ಕಿದ್ದು ಸೊರಬ ತಾಲ್ಲೂಕಿನಲ್ಲಿ, ಆದ್ದರಿಂದ ವ್ಯಾಪ್ತಿಯ ತೊಡಕಿದೆ ಎಂದೂ ತಿಳಿಸಿದಿರಿ. ಓಡುವಾಗ ಬೋರ ಗಡಿ ನೋಡಿಕೊಳ್ಳಬೇಕಿತ್ತು, ಒಪ್ಪುತ್ತೇನೆ.

ಆಮೇಲೆ ಪರೀಕ್ಷೆ. ಹಗ್ಗ ಬಿಚ್ಚಿಸಿ, ಯಾರ ಬಳಿ ಹೋಗುತ್ತದೋ ಅವರದು ಎಂದಿರಿ. ಅವನು ನೆಟ್ಟಗೆ, ಬಾಗಿಲಲ್ಲಿ ಬನ್ನು ತಿನ್ನುತ್ತಿದ್ದ ನಿಮ್ಮ ಹೆಡ್ ಕಾನ್ಸ್‌ಟೇಬಲ್ ಬಳಿ ಹೋದ. ಅವರೂ ಪ್ರೀತಿಯಿಂದ ಒಂದು ತುಂಡು ತಿನ್ನಿಸಿದರು. "ನಾಯಿಗೇ ಗೊತ್ತಿಲ್ಲ, ನಾನೇನ್ ಹೇಳ್ಲಿ? ಯಾರತ್ರ ಐತೋ ಅವರತ್ರನೇ ಇರ್ಲಿ" ಎಂದು ನೀವು ಎದ್ದು ಹೋದಿರಿ. ನಿಮ್ಮದೇ ಸೂತ್ರದ ಪ್ರಕಾರ ಬೋರ ಹೆಡ್ ಕಾನ್ಸ್‌ಟೇಬಲರ ಸ್ವತ್ತಾಗಬೇಕಿತ್ತಲ್ಲವೇ? ಕಳೆದ ಸ್ವತ್ತು ಸಿಕ್ಕವರು ಅದನ್ನು ಜೋಪಾನ ಮಾಡಬೇಕು, ಒಡೆಯರು ಬಂದರೆ ಒಪ್ಪಿಸಬೇಕು ಎಂಬ ಕಾನೂನು ನನಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದಿರುವುದು ಸಾಧ್ಯವೇ?

ಮರುವಾರ ನನ್ನ ಅತ್ತೆ ದುರುಗಮ್ಮ ತಾವೇ ಕುಬಟೂರಿಗೆ ಬರುತ್ತೇನೆಂದು ಹಟ ಹಿಡಿದರು. ಅವರಿಗೆ ಕಿವಿ ಕೇಳುವುದಿಲ್ಲ. ಪರಮಶಿವಪ್ಪನವರ ಮನೆ ಮುಂದಿನ ಬೀದಿಯಲ್ಲಿ ನಿಂತಿದ್ದಾಗ ಹಿಂದಿನಿಂದ ಟ್ರ್ಯಾಕ್ಟರ್ ಬಂತು. ನಾನು ಕೈ ಚಾಚುವಷ್ಟರಲ್ಲಿ ಬೋರ ಹಗ್ಗ ಕಿತ್ತುಕೊಂಡು ಬಂದು ಅತ್ತೆಯ ಸೀರೆ ಕಚ್ಚಿ ಪಕ್ಕಕ್ಕೆ ಎಳೆದ. ನಮ್ಮೂರಲ್ಲಿ ಅದು ಅವನ ದಿನನಿತ್ಯದ ಕೆಲಸ.

ಪರಮಶಿವಪ್ಪನವರು ಬೀದಿಗಿಳಿದು ಬಂದು ಬೋರನ ಹಗ್ಗ ಎತ್ತಿಕೊಂಡರು. ಅದನ್ನು ನನ್ನ ಕೈಗಿಟ್ಟು, "ಕರ್ಕೊಂಡ್ ಹೋಗಮ್ಮ. ನಂಗೆ ಕಿವಿ ಕೇಳ್ತವೆ" ಎಂದರು. ಮುಖ ಆಚೆ ತಿರುಗಿಸಿಕೊಂಡಿದ್ದರು.

ಹಾಗಾದರೆ ಇನ್ನೇನು ತಕರಾರು ಎಂದು ನೀವು ಕೇಳಬಹುದು. ಬೋರ ಮನೆಗೆ ಬಂದದ್ದು ಒಬ್ಬರ ದೊಡ್ಡ ಮನಸ್ಸಿನಿಂದ, ನನ್ನ ಹಕ್ಕಿನಿಂದಲ್ಲ. ಸಾಕುಪ್ರಾಣಿ ಸಿಕ್ಕವರ ಹೊಣೆಯೇನು, ಕಳೆದುಕೊಂಡವರ ಹಕ್ಕೇನು ಎಂಬುದನ್ನು ಠಾಣೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ನನ್ನ ದೂರಿಗೆ ಹಿಂಬರಹ ಕೊಡಿ. ಪ್ರಾಣಿ ಕಳೆದುಕೊಂಡ ಎಲ್ಲರಿಗೂ ಪರಮಶಿವಪ್ಪನವರು ಸಿಗುವುದಿಲ್ಲ. ಅವರಿಗೆಲ್ಲ ಸಿಗುವವರು ನೀವೇ.

ಇಂತಿ,
ನಾಯಿ ಸಿಕ್ಕರೂ ನ್ಯಾಯ ಸಿಗದ,
ಕರುಣಾ, ಬಳ್ಳಿಗಾವಿ