ತೋಟದ ಮನೆಯ ಕೋವಿ

ಫೆಬ್ರವರಿ ೩, ಸೋಮವಾರ, ಬೆಳಿಗ್ಗೆ

ಪತ್ರಿಕೆಯಲ್ಲಿ ಇಂದೂ ಮೂರು ಕಾಗುಣಿತ ದೋಷ. ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ.

ಅಷ್ಟರಲ್ಲಿ ವಿಶ್ವರಾಧ್ಯ ಬಂದ — ನನ್ನ ಹೆಂಡತಿ ಬಸ್ಸಮ್ಮನ ಅಣ್ಣನ ಮಗ. ಮುಖ ಬಿಳಿಚಿಕೊಂಡಿತ್ತು. ಕೊಲೆ ಮೊಕದ್ದಮೆಯೊಂದರಲ್ಲಿ ಸಾಕ್ಷಿ ನುಡಿಯಲು ಒಪ್ಪಿದಂದಿನಿಂದ ಬೆದರಿಕೆ. ಸುರಪುರದ ದಾರಿಯಲ್ಲಿ ಎರಡು ಸಲ ಬೈಕಿನವರು ಬೆನ್ನಟ್ಟಿದ್ದಾರೆ. ಆತ್ಮರಕ್ಷಣೆಗೆಂದು ಕೋವಿಗೆ ಪರವಾನಗಿ ಪಡೆದ. (ಎಲ್ಲರೂ 'ಬಂದೂಕು' ಎನ್ನುತ್ತಾರೆ. 'ಕೋವಿ' ಇರುವಾಗ ಅದೇಕೆ?) ನಿನ್ನೆ ಭೀಮರಾಯನಗುಡಿಯಲ್ಲಿ ಅದನ್ನು ಕಾರಿನಲ್ಲೇ ಬಿಟ್ಟು ಚಹಾಕ್ಕೆ ಇಳಿದಿದ್ದಾನೆ. ಪೊಲೀಸರು ಕಂಡು ವಶಪಡಿಸಿಕೊಂಡರಂತೆ.

"ಲೈಸೆನ್ಸ್ ಐತಿ, ಗಾಡ್ಯಾಗ ಒಯ್ಯಬಹುದು, ಆದ್ರ ಹಂಗ ಬಿಟ್ಟು ಹೋಗೂದು ತಪ್ಪು ಅಂದ್ರು ಮಾಮ. ಹೇಳಿಕಿ ಬರ್ದು ಕೊಡ್ಬೇಕಂತ. ನಿಮ್ಮಂಗ ಬರ್ಯಾಕ ನನಗ ಬರಂಗಿಲ್ಲ."

ಗೀಚಿದ್ದ ಚೀಟಿಯೊಂದನ್ನು ಕೊಟ್ಟು ಹೋದ.

ಅದೇ ದಿನ, ಸಂಜೆ

ಚೀಟಿಯ ಭಾಷೆ ಕಣ್ಣಿಗೆ ಚುಚ್ಚಿತು. 'ಬಂದೂಕ ಗಾಡ್ಯಾಗ ಇತ್ತು ತೋಟಾ ಮನ್ಯಾಗ ಇತ್ತು' — ವಿಭಕ್ತಿಯಿಲ್ಲ, ವಿರಾಮಚಿಹ್ನೆಯಿಲ್ಲ. ಅವನ ಲಿಂಬೆತೋಟದಲ್ಲಿ ಒಂದು ಮನೆಯಿರುವುದು ಬಲ್ಲೆ. ತಿದ್ದಿದೆ: 'ಕೋವಿಯು ವಾಹನದಲ್ಲಿತ್ತು. ಅದಕ್ಕೆ ಮೊದಲು ತೋಟದ ಮನೆಯಲ್ಲಿತ್ತು.' ಒಂದೂವರೆ ಪುಟ. ಒಂದೂ ದೋಷವಿಲ್ಲ.

ವಿಶ್ವರಾಧ್ಯ ಮತ್ತೆ ಬಂದು, ಓದದೆಯೇ ಸಹಿ ಹಾಕಿದ. "ಮಾಮ ಬರ್ದ ಮ್ಯಾಲ ಓದೂದೇನೈತ್ರಿ?"

ಹಿಗ್ಗಿದೆ. ಸುಳ್ಳೇಕೆ ಹೇಳಲಿ.

ಫೆಬ್ರವರಿ ೧೨, ಬುಧವಾರ

ಯಾದಗಿರಿಯ ಜಿಲ್ಲಾಧಿಕಾರಿ ಕಚೇರಿಯಿಂದ ವಿಶ್ವರಾಧ್ಯನಿಗೆ ನೋಟಿಸು. ಪರವಾನಗಿಯಲ್ಲಿ ನಮೂದಿತ ವಿಳಾಸ ಬಿಟ್ಟು ತೋಟದ ಮನೆಯಲ್ಲಿ ಕೋವಿ ಇಟ್ಟಿದ್ದಾಗಿ ತಾವೇ ಒಪ್ಪಿದ್ದೀರಿ. ಮದ್ದುಗುಂಡು ಎಲ್ಲಿತ್ತೆಂದು ತಿಳಿಸಿಲ್ಲ. ಪರವಾನಗಿಯನ್ನು ಏಕೆ ರದ್ದುಪಡಿಸಬಾರದು? ವಿಚಾರಣೆ ೨೧ಕ್ಕೆ.

"ತ್ವಾಟದಾಗ ನಾ ಯಾವಾಗ ಇಟ್ಟಿದ್ನಿ ಮಾಮ? ಬಂದೂಕ ಹೋದ್ರ ಸಾಕ್ಷಿ ಹೇಳಾಕ ಯಾವ ಧೈರ್ಯದ ಮ್ಯಾಲ ಹೋಗ್ಲಿ?"

ಅವನು ಹೋದ ಮೇಲೆ ಚೀಟಿ ತೆಗೆದು ಬಸ್ಸಮ್ಮನಿಗೆ ಓದಿ ಹೇಳಿದೆ. ನಕ್ಕಳು.

"ತೋಟಾ ಅಂದ್ರ ಗುಂಡ್ರಿ! ಬಂದೂಕಿಗಿ ಹಾಕೂ ಗುಂಡು. ನಮ್ಮಪ್ಪ ಜ್ವಾಳದ ಹೊಲಕ್ಕ ಹಂದಿ ಬಂದ್ರ ತೋಟಾ ಹಾಕಿ ಗಾಳಿಗಿ ಹಾರಸ್ತಿದ್ದ. ಮೂವತ್ತೈದು ವರ್ಷ ಕನ್ನಡಾ ಕಲಿಸೀರಿ, ಇಷ್ಟೂ ತಿಳೀದೇನು?"

ಆಮೇಲೆ ನಗು ನಿಂತಿತು. "ಅಂದ್ರ... ಗುಂಡು ಮನ್ಯಾಗಿದ್ವು, ಬಂದೂಕ ಖಾಲಿ ಇತ್ತು ಅಂತ ಬರ್ದಾನ ಹುಡುಗ. ನೀವು ಏನ್ ಬರದ್ರಿ?"

ಫೆಬ್ರವರಿ ೨೦, ಗುರುವಾರ

ಎಂಟು ದಿನ ಬರೆಯಲಿಲ್ಲ. ವಿಶ್ವರಾಧ್ಯನಿಗೆ ಹೇಳಲೂ ಇಲ್ಲ. ಬಸ್ಸಮ್ಮ ಊಟಕ್ಕೆ ಬಡಿಸಿ ಒಳಗೆ ಹೋಗಿಬಿಡುತ್ತಾಳೆ.

ಶಹಾಪುರದಲ್ಲಿ ಅರ್ಜಿ ಬರೆಯುವ ಅಂಬಣ್ಣನನ್ನು ಕೇಳಿದೆ. "ಟೈಪ್ ಮಾಡಿದಂವ ತಪ್ಪ್ಯಾನ ಅಂದ್ಬಿಡ್ರಿ ಸರ. ಅಂವ ಯಾರು ಅಂತ ಯಾರ್ ಹುಡುಕ್ತಾರ?"

ಟೈಪು ಮಾಡಿಸಿಯೇ ಇಲ್ಲ. ನನ್ನ ಕೈಬರಹ. ತಾಲ್ಲೂಕಿನಲ್ಲಿ ಅರ್ಧ ಜನ ಗುರುತಿಸುತ್ತಾರೆ.

ಮಧ್ಯಾಹ್ನ ವಿಶ್ವರಾಧ್ಯನ ಮನೆಯೆದುರು ಬೈಕೊಂದು ಬಹಳ ಹೊತ್ತು ನಿಂತಿತ್ತಂತೆ. ಇಬ್ಬರು. ಇಳಿಯಲಿಲ್ಲ, ಮಾತಾಡಲಿಲ್ಲ. ಅವನ ಹೆಂಡತಿ ಮಲ್ಲೇಶ್ವರಿ ಫೋನಿನಲ್ಲಿ ಅಳುತ್ತಿದ್ದಳು.

ಫೆಬ್ರವರಿ ೨೧, ಶುಕ್ರವಾರ. ಯಾದಗಿರಿ, ಕಚೇರಿಯ ಬೆಂಚು, ೧೧-೪೦

ದಾರಿಯಲ್ಲಿ ವಿಶ್ವರಾಧ್ಯನಿಗೆ ಎಲ್ಲ ಹೇಳಿದೆ. ಭೀಮಾ ಸೇತುವೆ ದಾಟಿದ ಮೇಲೆ ಅಂದ — "ಒಂದ್ ಮಾತು ಕೇಳಿದ್ರ ಆಗ್ತಿತ್ತಲ್ರಿ ಮಾಮ."

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಹೇಳಿಕೆ ಬರೆದವರೇ ತಿದ್ದುಪಡಿಯನ್ನು ಕೈಯಾರೆ ಬರೆದು ಕೊಡಬೇಕೆಂದು ಗುಮಾಸ್ತ ಹೇಳಿದ. ಮೊದಲನೆಯದು: 'ಪದದ ದ್ವಂದ್ವಾರ್ಥದಿಂದ ಉಂಟಾದ ಗೊಂದಲ.' ಹರಿದೆ. ಎರಡನೆಯದು: 'ಮೂಲ ಚೀಟಿಯ ಗ್ರಾಮ್ಯ ಬರವಣಿಗೆಯ ಕಾರಣ.' ವಿಶ್ವರಾಧ್ಯ ಪಕ್ಕದಿಂದ ಓದಿದ. ಅದನ್ನೂ ಹರಿದೆ. ಉಳಿದಿರುವುದು ಒಂದೇ ಹಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

'ವಿಶ್ವರಾಧ್ಯನು ಬರೆದದ್ದು ಸರಿಯಾಗಿತ್ತು. ತಪ್ಪಿದ್ದು ನನ್ನ ಕನ್ನಡ.'