ಪ್ರಾಮಾಣಿಕಳೆನಿಸಿಕೊಳ್ಳಲು ಒಂದು ಸಣ್ಣ ಕಳ್ಳತನ

ಅಲ್ಲ, ಹಾಗಾದರೆ ಕದ್ದವರು ಯಾರು ಎಂದು ನಿನ್ನೆ ನಿಮ್ಮ ಕೋಣೆಯಲ್ಲೇ ಕೇಳಿದೆ. ನೀವು ಫೋನ್ ಎತ್ತಿಕೊಂಡಿರಿ. ಮಾನ್ಯ ಪರೀಕ್ಷಾ ವಿಭಾಗದ ಮುಖ್ಯಸ್ಥರೇ, ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ. ನನ್ನ ಪ್ರಬಂಧದಲ್ಲಿ ಶೇಕಡಾ ನಲವತ್ತೊಂದು ಕೃತಿಚೌರ್ಯ ಇದೆಯೆಂದು ನಿಮ್ಮ ಸಾಫ್ಟ್‌ವೇರ್ ಹೇಳಿದೆ. ಸೋಮವಾರದೊಳಗೆ ಅದು ಹತ್ತಕ್ಕಿಳಿಯದಿದ್ದರೆ ನನಗೆ ಪದವಿ ಇಲ್ಲ.

ಫುಟ್‌ಬಾಲ್ ಅಭಿಮಾನಿಗಳು ನೋಡಿದ ಆಟವನ್ನು ಮಾತಿನಲ್ಲಿ ಹೇಗೆ ಮತ್ತೆ ಆಡುತ್ತಾರೆ ಎಂಬುದು ನನ್ನ ವಿಷಯ. ನಾನೂ ಅಂಥ ಹುಚ್ಚಿಯೇ. ನಮ್ಮ ಚಾಟ್ ಗುಂಪಿನಲ್ಲಿ ಯಾರನ್ನು ಬೇಕಾದರೂ ಬೈಯಬಹುದು, ಆದರೆ ಇನ್ನೊಬ್ಬರ ಮಾತನ್ನು ಹಂಚಿದರೆ ಮೊದಲು ಅವರ ಹೆಸರು ಹಾಕಬೇಕು. ಮರೆತರೆ “ಯಾರದಪ್ಪಾ ಇದು?” ಎಂದು ಇಡೀ ಗುಂಪು ಮೈಮೇಲೆ ಬೀಳುತ್ತದೆ. ಆ ಅಭ್ಯಾಸದಿಂದಲೇ ಪ್ರಬಂಧದಲ್ಲೂ ಪ್ರತಿ ಮಾತನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಪಕ್ಕದಲ್ಲಿ ಆಡಿದವರ ಹೆಸರು ಬರೆದೆ. ಗುಂಪಿನಲ್ಲಿ ಗೋಡೆಹಲ್ಲಿ ಎಂಬ ಅಡ್ಡಹೆಸರಿನ ಅಕ್ಕ ನಮ್ಮ ತಂಡದ ಗೋಲ್‌ಕೀಪರ್ ಬಗ್ಗೆ ಹೇಳಿದ್ದಳು: “ಚೆಂಡು ಬರೋಕೆ ಮುಂಚೆನೇ ಅವನು ಹೆದರಿ ಮುಗಿಸಿರ್ತಾನೆ ಕಣ್ರೋ, ಅದಕ್ಕೇ ಆಮೇಲೆ ಕೈ ನಡುಗಲ್ಲ.” ಇಂಥ ಮಾತುಗಳೇ ನನ್ನ ಪ್ರಬಂಧದ ಜೀವ; ಅವು ಅಂತರ್ಜಾಲದಲ್ಲೂ ಇರುವುದರಿಂದ ನಿಮ್ಮ ಯಂತ್ರ ಎಲ್ಲವನ್ನೂ ಕದ್ದದ್ದೆಂದು ಎಣಿಸಿತು.

ನೀವು ಕೊಟ್ಟ ಪರಿಹಾರವೇನು? “ಪದ ಆಚೀಚೆ ಮಾಡಮ್ಮ. ಆ ಹಲ್ಲಿ ಗಿಲ್ಲಿ ಹೆಸರೆಲ್ಲ ತೆಗಿ. ತಾನಾಗೇ ಇಳಿಯತ್ತೆ.” ಮಾಡಿ ನೋಡಿದೆ ಸ್ವಾಮಿ. “ಗೋಲುರಕ್ಷಕನು ಭೀತಿಯನ್ನು ಪೂರ್ವಭಾವಿಯಾಗಿ ನಿಭಾಯಿಸುತ್ತಾನೆ.” ಸಾಫ್ಟ್‌ವೇರ್ ಹಸಿರು ತೋರಿಸಿತು! ಯೋಚನೆ ಅಕ್ಕನದು, ಹೆಸರು ನನ್ನದು, ಪ್ರಾಮಾಣಿಕತೆಯ ಪ್ರಮಾಣಪತ್ರ ನಿಮ್ಮದು. ಪದ ಬದಲಾದರೆ ಒಡೆತನವೂ ಬದಲಾಗುತ್ತದೆಯೇ? ಪಕ್ಕದ ಮನೆಯ ಸೈಕಲ್ಲಿಗೆ ಬೇರೆ ಬಣ್ಣ ಬಳಿದರೆ ಅದು ನನ್ನದೇ? ಹೇಳಿ ತಂದದ್ದಕ್ಕೂ ಹೇಳದೆ ಹೊತ್ತೊಯ್ದದ್ದಕ್ಕೂ ಇರುವ ವ್ಯತ್ಯಾಸ ಯಂತ್ರಕ್ಕೆ ತಿಳಿಯದು, ಒಪ್ಪಿದೆ. ನಿಮಗೂ ತಿಳಿಯದೇ?

ಗುಂಪಿನಲ್ಲಿ ಗೋಳು ತೋಡಿಕೊಂಡೆ. ಅಕ್ಕ ತಕ್ಷಣ ಬರೆದಳು: “ಹೋಗ್ಲಿ ಬಿಡೇ, ನನ್ ಹೆಸರು ತೆಗೆದು ಪಾಸಾಗು. ಹಲ್ಲಿಗೆ ಯಾಕೆ ಡಿಗ್ರಿ?” ನಕ್ಕೆ. ಆದರೆ ಅಷ್ಟು ಸುಲಭವಾಗಿ ಬಿಟ್ಟುಕೊಡುವವಳಿಂದ ಕದಿಯುವುದು ಇನ್ನೂ ಕಷ್ಟ.

ಆದ್ದರಿಂದ ಸೋಮವಾರ ಅಕ್ಕನ ಹೆಸರಿರುವ ಪ್ರತಿಯನ್ನೇ ನಿಮ್ಮ ಮೇಜಿನ ಮೇಲಿಡುತ್ತೇನೆ. ಶೇಕಡಾವಾರನ್ನು ಪಕ್ಕಕ್ಕಿಟ್ಟು ಒಮ್ಮೆ ಪ್ರಬಂಧವನ್ನು ಓದಿ. ನಾನು ಕೇಳುತ್ತಿರುವುದು ಅಷ್ಟೇ. ಓದಿದ ಮೇಲೆ, ಕದ್ದದ್ದೆಂದು ಒಂದೇ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತೀರಾ?

ಇಂತಿ,
ನಿಮ್ಮ ಲೆಕ್ಕದಲ್ಲಿ ಶೇಕಡಾ ನಲವತ್ತೊಂದರಷ್ಟು ಕಳ್ಳಿ